ಅಕ್ಕನ ಪದಗಳ ಪೆಟ್ಟಿಗೆ

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕರಿಹಲಗೆಯ ಮೇಲೆ ಬರೆದು ನಾವು ಮೂವತ್ತು ವರ್ಷ ಹುಡುಗರಿಗೆ ಅರ್ಥ ಹೇಳಿದವರು. ಆ ವಯಸ್ಸು ನಮ್ಮ ಬಾಗಿಲಿಗೇ ಬಂದು ನಿಂತಾಗ, ಕಂಪ್ಯೂಟರಿನಲ್ಲಿ ಧ್ವನಿಯನ್ನು ಹಿಡಿದಿಡುವ ತಂತ್ರಾಂಶವನ್ನು ತೆರೆಯುವುದು ಹೇಗೆ, ಅದರಲ್ಲಿ ಹಿಂದೆ ಮಾಡಿಟ್ಟ ಕೆಲಸವನ್ನು ಮರಳಿ ಎಬ್ಬಿಸುವುದು ಹೇಗೆ ಎಂಬ ವಿದ್ಯೆಯನ್ನು ಓನಾಮದಿಂದ ಕಲಿಯಬೇಕಾಗಿ ಬಂದಿತು. ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿದವರಿಗೆ ಇದೇನು ಮಹಾವಿದ್ಯೆ ಎಂದು ಮೊದಮೊದಲು ಉದಾಸೀನ ಮಾಡಿದ್ದೆವು. ಆ ಉದಾಸೀನಕ್ಕೆ ನಾವು ತೆತ್ತ ದಂಡ 3 ನಿಮಿಷ 40 ಸೆಕೆಂಡು. ಕಾಲವನ್ನು ದಂಡವಾಗಿ ತೆರುವುದು ಎಂತಹುದೆಂದು ವಾಚಕರು ಕೇಳಬಹುದು. ಅದನ್ನೇ ಹೇಳಹೊರಟಿದ್ದೇವೆ.

ನಮ್ಮ ಅಕ್ಕ ನಮಗಿಂತ ಹದಿನೇಳು ವರ್ಷ ದೊಡ್ಡವಳು. ಅವಳನ್ನು ಯಲಬುರ್ಗಿಗೆ ಕೊಟ್ಟಿದ್ದರು. ಬಾಲ್ಯದಲ್ಲಿ ನಾವು ಅವಳ ಮನೆಯಲ್ಲಿಯೇ ಇದ್ದು ಶಾಲೆಗೆ ಹೋದೆವಾದ್ದರಿಂದ, ಅಕ್ಕನೆಂಬ ಶಬ್ದಕ್ಕೆ ನಮ್ಮ ಕೋಶದಲ್ಲಿ ತಾಯಿಯೆಂಬುದೇ ಮೊದಲನೆಯ ಅರ್ಥ. ಯಲಬುರ್ಗಿ, ಕುಷ್ಟಗಿಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಜೋಳದ ಸೀಮೆ. ಬೆಳಗಿನ ಜಾವದಲ್ಲಿ ಕೋಳಿ ಕೂಗುವುದಕ್ಕೂ ಮೊದಲೇ ಬೀಸುವ ಕಲ್ಲಿನ ಗುರುಗುರು ಶಬ್ದವು ಮನೆಯನ್ನು ತುಂಬುತ್ತಿದ್ದಿತು. ಆ ಶಬ್ದದ ಮೇಲೆ ಅಕ್ಕನ ಪದವು ತೇಲಿ ಬರುತ್ತಿದ್ದಿತು. ಆ ಮೇಲೆ ಊರಿಗೆ ಹಿಟ್ಟಿನ ಗಿರಣಿ ಬಂದಿತು. ಕಲ್ಲು ಮೂಲೆ ಸೇರಿತು. ಪದಗಳೂ ಕಲ್ಲಿನ ಜೊತೆಯಲ್ಲಿಯೇ ಮೂಲೆ ಸೇರಿದವು. ಆದರೆ ಅಕ್ಕ ಅವುಗಳನ್ನು ಮರೆತಿರಲಿಲ್ಲ. ಬೀಸುವ ಪದ, ಕುಟ್ಟುವ ಪದ, ಸೋಬಾನೆ, ಜೋಗುಳ, ಆಷಾಢದಲ್ಲಿ ಹೆಣ್ಣುಮಕ್ಕಳು ಹಾಡುವ ಗುಳ್ಳವ್ವನ ಪದ, ಭಾದ್ರಪದದಲ್ಲಿ ಬರುವ ಜೋಕುಮಾರನ ಪದ, ಇವೆಲ್ಲವೂ ಅವಳ ನಾಲಿಗೆಯ ಮೇಲೆ ಇದ್ದುವು. ಅಕ್ಷರ ಬಾರದವಳು. ಸಂಸ್ಕೃತ ಕಲಿತ ನಾವು ಪುಸ್ತಕ ತೆರೆಯದೆ ಒಂದು ಸರ್ಗವನ್ನು ಹೇಳಲಾರೆವಾಗಿದ್ದರೆ, ಅವಳು ಬೆಳಗಿನಿಂದ ಬೈಗಿನವರೆಗೆ ಹೇಳಬಲ್ಲವಳಾಗಿದ್ದಳು.

2013ರ ದೀಪಾವಳಿಗೆ ನಾವೆಲ್ಲರೂ ಯಲಬುರ್ಗಿಯಲ್ಲಿ ಕೂಡಿದ್ದೆವು. ಅಕ್ಕನ ಮಗಳನ್ನು ಕುಷ್ಟಗಿಗೆ ಕೊಟ್ಟಿದೆ. ಅವಳ ಮಗ ಆಗ ಇಂಜಿನಿಯರಿಂಗ್ ಓದುತ್ತಿದ್ದನು. ಅವನು ಲ್ಯಾಪ್‌ಟಾಪನ್ನೂ ಬೆರಳುದ್ದದ ಮೈಕೊಂದನ್ನೂ ತಂದು, “ಮಾಸ್ತರಜ್ಜಾ, ಅಮ್ಮನ ಹಾಡು ಎಲ್ಲಾ ತುಂಬಿಕೊಂಡ್ಬಿಡೋಣ” ಎಂದನು. ಅವನ ಬಳಿಯಲ್ಲಿದ್ದ ತಂತ್ರಾಂಶದ ಹೆಸರು ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಜೋನಿ, ರೋಜರ್ ಡಾನೆನ್‌ಬರ್ಗ್ ಎಂಬಿಬ್ಬರು ಆರಂಭಿಸಿ 2000ದಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದ ತಂತ್ರಾಂಶವದು. ಕಾಸು ಕೊಡದೆ ಯಾರು ಬೇಕಾದರೂ ಉಪಯೋಗಿಸಬಹುದು. ಹೆಸರಿನ ಅರ್ಥ ಧಾರ್ಷ್ಟ್ಯ. ಕೊನೆಗೆ ಧಾರ್ಷ್ಟ್ಯ ತೋರಿಸಿದವರು ನಾವು, ತಂತ್ರಾಂಶವಲ್ಲ.

ಮೊದಲನೆಯ ಸಂಜೆ ಅಕ್ಕ ಕಲ್ಲಿಲ್ಲದೆ ಹಾಡಲು ಒಪ್ಪಲಿಲ್ಲ. “ಕೈ ತಿರುಗಿದ್ರ ಬಾಯಿ ತಿರುಗತೈತಿ ತಮ್ಮಾ, ಸುಮ್ನ ಕುಂತು ಹಾಡು ಅಂದ್ರ ಎಲ್ಲಿಂದ ಬರಬೇಕು?” ಎಂದಳು. ಮೂಲೆಯಲ್ಲಿದ್ದ ಕಲ್ಲನ್ನು ತೊಳೆದು ನಡುಮನೆಗೆ ತಂದು, ಎರಡು ಸೇರು ಜೋಳವನ್ನು ಮುಂದಿಟ್ಟೆವು. ಅವಳು ಬೀಸುತ್ತ ಹಾಡಿದಳು. ಒಂದು ತಾಸು ಹಾಡಿ ಬೆವರೊರೆಸಿಕೊಂಡ ಮೇಲೆ ಹುಡುಗನು ಪರದೆಯನ್ನು ನೋಡಿದರೆ, ಇದ್ದುದು ಒಂದು ನೇರವಾದ ಗೆರೆ! ಧ್ವನಿಯಿದ್ದಲ್ಲಿ ಆ ಗೆರೆ ತೆರೆಯಂತೆ ಏರಿಳಿಯಬೇಕು. ನಡೆದುದಿಷ್ಟು. ಈ ತಂತ್ರಾಂಶವು ತೆರೆದುಕೊಳ್ಳುವ ಕ್ಷಣದಲ್ಲಿ ತನ್ನ ಸುತ್ತ ಯಾವ ಯಾವ ಕಿವಿ ಬಾಯಿಗಳಿವೆ ಎಂದು ಒಮ್ಮೆ ಎಣಿಸಿಕೊಳ್ಳುತ್ತದೆ. ಆ ಎಣಿಕೆ ಮುಗಿದ ಬಳಿಕ ಚುಚ್ಚಿದ ಮೈಕು ಅದರ ಪಾಲಿಗೆ ಇಲ್ಲವೇ ಇಲ್ಲ. ತಂತ್ರಾಂಶವನ್ನು ಮುಚ್ಚಿ ಪುನಃ ತೆರೆಯಬೇಕು, ಅಥವಾ ಮತ್ತೊಮ್ಮೆ ಎಣಿಸೆಂದು ಪಟ್ಟಿಯಲ್ಲಿರುವ ಆಜ್ಞೆಯನ್ನು ಒತ್ತಬೇಕು. ಹುಡುಗನು ತಂತ್ರಾಂಶವನ್ನು ತೆರೆದ ಮೇಲೆ ಮೈಕನ್ನು ಚುಚ್ಚಿದ್ದನು. ದೇವರನ್ನು ಆವಾಹಿಸಿದ ಮೇಲೆ ಕಲಶವನ್ನು ಹುಡುಕಿದಂತಾಯಿತು. ಅಕ್ಕನಿಗೆ ಬೇಸರವಾಗಲಿಲ್ಲ. “ಹಾಡು ಹೋದ್ರ ಹೋತು, ನಾಳೀನ ರೊಟ್ಟಿಗೆ ಹಿಟ್ಟಾತಲ್ಲ” ಎಂದು ಎದ್ದಳು.

ಎರಡನೆಯ ಸಂಜೆ ವಿದ್ಯುತ್ತು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿದ್ದುದರಿಂದ ಯಂತ್ರವೂ ಕಣ್ಮುಚ್ಚಿತು. ಅಂದಿನದೂ ಹೋಯಿತೆಂದೇ ತಿಳಿದೆವು. ಆದರೆ ದೀಪ ಬಂದು ತಂತ್ರಾಂಶವನ್ನು ತೆರೆದೊಡನೆ, ಕಳೆದ ಬಾರಿ ಉಳಿಸದೆ ಹೋದ ಕೆಲಸವಿದೆ, ಮರಳಿ ತರಲೆ ಎಂದು ಅದು ತಾನಾಗಿಯೇ ಕೇಳಿತು. ಆ ಪ್ರಶ್ನೆಯನ್ನು ಓದಿದಾಗ ನಮಗಾದ ಸಂತೋಷ ಇಂದಿಗೂ ನೆನಪಿದೆ. ಯಂತ್ರವು ನಮ್ಮ ಸೊತ್ತನ್ನು ತಾನೇ ಕಾಯುತ್ತದೆ, ನಾವು ಚಿಂತಿಸಬೇಕಾದ್ದಿಲ್ಲ ಎಂಬ ಭ್ರಮೆ ಹುಟ್ಟಿದುದು ಆ ಗಳಿಗೆಯಲ್ಲಿಯೇ. ಮೂರನೆಯ ಸಂಜೆ ನಿರ್ವಿಘ್ನವಾಗಿ ಸಾಗಿತು. ಒಟ್ಟು 23 ಪದಗಳು, 1 ಗಂಟೆ 40 ನಿಮಿಷ.

ರಜೆ ಮುಗಿದು ಹೊರಡುವಾಗ ನಾವು ನಮ್ಮ ಪೆನ್‌ಡ್ರೈವನ್ನು ಕೊಟ್ಟು, ಅದರೊಳಗೆ ಪದಗಳನ್ನು ಹಾಕಿಕೊಡೆಂದೆವು. ಹುಡುಗನು ಬಸ್ಸಿನ ಅವಸರದಲ್ಲಿದ್ದನು. ನೀವೇ ಹಾಕಿಕೊಳ್ಳಿರೆಂದು ಫೋಲ್ಡರನ್ನು ತೆರೆದು ತೋರಿಸಿ ಚೀಲ ಕಟ್ಟಲು ಹೋದನು. ಅಲ್ಲಿ ಎರಡು ವಸ್ತುಗಳಿದ್ದುವು. ಒಂದು ತಂತ್ರಾಂಶದ ಚಿತ್ರವನ್ನೇ ಹೊತ್ತ ಪುಟ್ಟ ಫೈಲು, ಹೆಸರು ‘ಟೆಸ್ಟ್ 1’. ಇನ್ನೊಂದು ಅದೇ ಹೆಸರಿನ ಮುಂದೆ ‘ಡೇಟಾ’ ಎಂಬ ಬಾಲವಿದ್ದ ಫೋಲ್ಡರು. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೆ ನಾಲ್ಕು, ಒಂದೊಂದರಲ್ಲಿಯೂ ಅಂಕಿ ಅಕ್ಷರಗಳ ಕಲಸುಮೇಲೋಗರದಂತಹ ಹೆಸರುಳ್ಳ ನೂರಾರು ತುಣುಕುಗಳು. ಇದೆಲ್ಲವೂ ಯಂತ್ರದ ಕಸವಿರಬೇಕೆಂದು ನಾವು ನಿರ್ಣಯಿಸಿ, ಅಂದವಾಗಿ ಕಾಣುತ್ತಿದ್ದ ಪುಟ್ಟ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಇಳಿಸಿಕೊಂಡೆವು. ಕ್ಷಣಾರ್ಧದಲ್ಲಿ ಇಳಿಯಿತು. ಒಂದೂವರೆ ತಾಸಿಗೂ ಮಿಕ್ಕ ಗಾಯನ ಕ್ಷಣಾರ್ಧದಲ್ಲಿ ಹೇಗೆ ಇಳಿದೀತು ಎಂಬ ಸಂಶಯ ನ್ಯಾಯಶಾಸ್ತ್ರದ ಗಂಧವಿದ್ದವನಿಗೆ ಹುಟ್ಟಬೇಕಾಗಿತ್ತು. ಹುಟ್ಟಲಿಲ್ಲ.

ಹೆಸರಿನ ವಿಷಯದಲ್ಲಿಯೂ ಒಂದು ಮಾತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಾಗ, ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಧ್ವನಿಯೆಂದು ತಿಳಿಯಬೇಕಲ್ಲವೆ? 1930ರಲ್ಲಿ ಮೈಸೂರಿನಲ್ಲಿ ಕಣ್ಮುಚ್ಚಿದ ಆ ಗಾಯಕಿಯ ಹೆಸರು ಇಂದಿಗೂ ಅವರದೇ ಕಂಠದಲ್ಲಿ ಉಳಿದಿದೆ. ನಮ್ಮ ಅಕ್ಕನ ಪದಗಳಿಗಿದ್ದ ಹೆಸರು ‘ಟೆಸ್ಟ್ 1’.

ಪೆನ್‌ಡ್ರೈವನ್ನು ಕೊಪ್ಪಳದ ನಮ್ಮ ಮನೆಯ ಕಪಾಟಿನಲ್ಲಿ, ತಂದೆಯವರ ಪಂಚಾಂಗಗಳ ನಡುವೆ, ಅರಿಷಿಣದ ಬಟ್ಟೆಯಲ್ಲಿ ಸುತ್ತಿಟ್ಟೆವು. ನಿಧಿಯಿದೆಯೆಂಬ ಸಮಾಧಾನದಲ್ಲಿ ಯಾರೂ ಅದನ್ನು ತೆರೆಯಲಿಲ್ಲ. 2022ರ ಕಾರ್ತೀಕದಲ್ಲಿ ಅಕ್ಕ ತೀರಿಕೊಂಡಳು. ಮರುವರ್ಷ ವರ್ಷಾಂತಿಕ ಸಮೀಪಿಸಿದಾಗ ಅವಳ ಮಗಳು ಕುಷ್ಟಗಿಯಿಂದ ಫೋನು ಮಾಡಿ, “ಮಾಮಾ, ಅವ್ವನ ಪದ ನಿಮ್ಮ ಹತ್ರ ಅದಾವಲ್ಲ, ಅವತ್ತಿನ ದಿನ ಎಲ್ಲಾರೂ ಕೂತು ಕೇಳೋಣು” ಎಂದಳು. ಆಗಲಿ ತಾಯಿ ಎಂದು ಹೆಮ್ಮೆಯಿಂದ ಹೇಳಿ, ಬಟ್ಟೆಯನ್ನು ಬಿಚ್ಚಿ, ಮನೆಯ ಕಂಪ್ಯೂಟರಿಗೆ ಪೆನ್‌ಡ್ರೈವನ್ನು ಚುಚ್ಚಿ ಫೈಲನ್ನು ಎರಡು ಬಾರಿ ಒತ್ತಿದೆವು. ಇದನ್ನು ಯಾವುದರಿಂದ ತೆರೆಯಲಿ ಎಂದು ಯಂತ್ರವು ನಮ್ಮನ್ನೇ ಕೇಳಿತು. ನಮಗೆ ಗೊತ್ತಿದ್ದರೆ ಅದನ್ನೇಕೆ ಕೇಳುತ್ತಿದ್ದೆವು!

ಗಂಗಾವತಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಧ್ವನಿಮುದ್ರಣದ ಸ್ಟುಡಿಯೋ ನಡೆಸುತ್ತಾನೆ. ಭಜನೆ, ಜಾನಪದ, ಜಾತ್ರೆಯ ಹಾಡು, ಚುನಾವಣೆ ಬಂದರೆ ಚುನಾವಣೆಯ ಹಾಡು, ಇವು ಅವನ ಬೆಳೆ. ಕೊಪ್ಪಳದ ಬೋಳುಗುಡ್ಡಗಳನ್ನು ಹಿಂದೆ ಬಿಟ್ಟು, ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಹಸುರನ್ನು ನೋಡುತ್ತ ಬಸ್ಸಿನಲ್ಲಿ ಹೋದೆವು. ಅವನು ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ದೊಡ್ಡ ಯಂತ್ರವನ್ನು ತೋರಿಸುತ್ತ, “ಸರ್, ಇದಕ್ಕ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್ ಅಂತಾರ್ರಿ. ಹಳೇ ಸೆಷನ್ ಓಪನ್ ಮಾಡೋದು ಎರಡು ನಿಮಿಷದ ಕೆಲಸ” ಎಂದನು. ಸೆಷನ್ ಎಂದರೆ ನಮಗೆ ಗೊತ್ತಿದ್ದುದು ಸೆಷನ್ಸ್ ಕೋರ್ಟು ಒಂದು, ಶಾಲೆಯ ಬೆಳಗಿನ ಸೆಷನ್ನು ಇನ್ನೊಂದು. ಈ ಮೂರನೆಯದನ್ನು ಅವನಿಂದ ಕೇಳಿ ತಿಳಿದೆವು. 1991ರಲ್ಲಿ ಅಮೆರಿಕದಲ್ಲಿ ಹೊರಟ ಪ್ರೋ ಟೂಲ್ಸ್ ಎಂಬ ತಂತ್ರಾಂಶದಲ್ಲಿ ಒಂದು ಹಾಡಿನ ಸಮಸ್ತ ಕೆಲಸಕ್ಕೆ ಸೆಷನ್ ಎಂದು ಹೆಸರು. ಬೇರೆ ಕೆಲವು ತಂತ್ರಾಂಶಗಳಲ್ಲಿ ಅದನ್ನೇ ಪ್ರಾಜೆಕ್ಟ್ ಎನ್ನುತ್ತಾರೆ. ನಮ್ಮ ಶಿಷ್ಯನು ನಿತ್ಯ ಉಪಯೋಗಿಸುವ ರೀಪರ್ ಎಂಬುದರಲ್ಲಿಯೂ, ನಮ್ಮ ಆಡಾಸಿಟಿಯಲ್ಲಿಯೂ ಪ್ರಾಜೆಕ್ಟ್ ಎಂದೇ ಇದೆ. ಸ್ಟುಡಿಯೋದವರ ಬಾಯಲ್ಲಿ ಮಾತ್ರ ಎಲ್ಲವೂ ಸೆಷನ್.

ಅವನು ಆಡಾಸಿಟಿಯ ಹಳೆಯ ಆವೃತ್ತಿಯಿದ್ದ ಯಂತ್ರವನ್ನು ಹಚ್ಚಿ ನಮ್ಮ ಫೈಲನ್ನು ತೆರೆದನು. ಡೇಟಾ ಫೋಲ್ಡರು ಸಿಕ್ಕಲಿಲ್ಲವೆಂದು ಒಂದು ಸಣ್ಣ ಕಿಟಕಿ ಬಂದಿತು. ಅಷ್ಟೆ. ಶಿಷ್ಯನು ನಮ್ಮ ಮುಖವನ್ನು ನೋಡಲಿಲ್ಲ. “ಸರ್, ಇದರಾಗ ಧ್ವನಿ ಇಲ್ಲರಿ. ಬರೇ ಪಟ್ಟಿ ಐತಿ” ಎಂದನು.

ಆ ಫೈಲನ್ನು ಅವನು ಸಾಮಾನ್ಯವಾದ ಬರಹದ ಕಿಟಕಿಯಲ್ಲಿ ತೆರೆದು ತೋರಿಸಿದನು. ಅದು ನಿಜಕ್ಕೂ ಪಟ್ಟಿಯೇ. ಧ್ವನಿಯನ್ನು ತಂತ್ರಾಂಶವು ಸೆಕೆಂಡಿಗೆ 44,100 ಬಾರಿ ಅಳೆದು, ಆ ಅಳತೆಗಳನ್ನು 2,62,144ರಂತೆ ಕಟ್ಟು ಕಟ್ಟಿ ಒಂದೊಂದು ತುಣುಕಿನಲ್ಲಿಡುತ್ತದೆ. ಅಂದರೆ ಒಂದು ತುಣುಕಿನಲ್ಲಿ ಆರು ಸೆಕೆಂಡಿಗೆ ತುಸು ಕಡಮೆಯಾದ ಹಾಡು. ಹೀಗೆ ಅಕ್ಕನ ಗಾಯನವು 1,010 ತುಣುಕುಗಳಾಗಿ ಆ ‘ಕಸ’ದ ಫೋಲ್ಡರಿನಲ್ಲಿದ್ದಿತು. ಯಾವ ತುಣುಕಿನ ಹಿಂದೆ ಯಾವುದು ಎಂಬ ಅನುಕ್ರಮ ಮಾತ್ರ ಪುಟ್ಟ ಫೈಲಿನಲ್ಲಿ. ತುಣುಕಿನ ಹೆಸರನ್ನು ನೋಡಿದರೆ ಅನುಕ್ರಮ ತಿಳಿಯದು. ಅನುಕ್ರಮವನ್ನು ನೋಡಿದರೆ ಧ್ವನಿ ಕೇಳದು. ಇನ್ನೂ ಒಂದು ವಿಚಿತ್ರವಿದ್ದಿತು. ಪ್ರತಿಯೊಂದು ತುಣುಕಿನಲ್ಲಿ ಧ್ವನಿಯು ಎಷ್ಟು ಎತ್ತರಕ್ಕೇರಿತ್ತು, ಸರಾಸರಿ ಎಷ್ಟು ಬಲವಾಗಿತ್ತು ಎಂಬ ಅಂಕಿಗಳೂ ಪಟ್ಟಿಯಲ್ಲಿದ್ದುವು. ಅಕ್ಕ ಎಲ್ಲಿ ದನಿಯೆತ್ತಿದಳು, ಎಲ್ಲಿ ಇಳಿಸಿದಳು ಎಂಬುದನ್ನು ನಾವು ಓದಬಹುದಾಗಿತ್ತು. ಏನು ಹಾಡಿದಳೆಂಬುದನ್ನಲ್ಲ.

ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರ ಹೆಸರನ್ನು ವಾಚಕರು ಕೇಳಿರಬಹುದು. ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಪಡೆದ ವೃದ್ಧ ಕಲಾವಿದೆ. ಆ ಆಟದ ಗೊಂಬೆಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ರಾಮನ ಎದೆಯ ಮೇಲೆ ರಾವಣ, ಅವನ ಮೇಲೊಂದು ಮರ. ಯಾವುದು ಯಾವಾಗ ಪರದೆಗೆ ಬರಬೇಕೆಂಬುದು ಆಡಿಸುವವರ ತಲೆಯಲ್ಲಿದೆ. ಪೆಟ್ಟಿಗೆ ಮಾತ್ರ ಸಿಕ್ಕರೆ ಅದು ತೊಗಲಿನ ರಾಶಿ. ಕತೆ ಬಲ್ಲವರು ಮಾತ್ರ ಉಳಿದರೆ ಪರದೆ ಬರಿದು. ಸೆಷನ್ ಎಂಬುದನ್ನು ನಾವು ಈ ದೃಷ್ಟಾಂತದಿಂದ ತಿಳಿದುಕೊಂಡೆವು. ನಾವು ಪೆಟ್ಟಿಗೆಯನ್ನು ಯಲಬುರ್ಗಿಯಲ್ಲಿ ಬಿಟ್ಟು ಕತೆಯ ಅನುಕ್ರಮವನ್ನು ಮಾತ್ರ ಹತ್ತು ವರ್ಷ ಅರಿಷಿಣದ ಬಟ್ಟೆಯಲ್ಲಿ ಕಾಪಾಡಿದ್ದೆವು.

ಶಬ್ದವು ನಿತ್ಯವೆಂದು ಮೀಮಾಂಸಕರು, ಅನಿತ್ಯವೆಂದು ನೈಯಾಯಿಕರು. ಓದುವ ಕಾಲದಲ್ಲಿ ನಾವು ಮೀಮಾಂಸಕರ ಪಕ್ಷ ಹಿಡಿದು ಗೆಳೆಯರೊಡನೆ ಇರುಳೆಲ್ಲ ವಾದಿಸಿದ್ದುಂಟು. ಗಂಗಾವತಿಯ ಆ ತಣ್ಣನೆಯ ಕೋಣೆಯಲ್ಲಿ ಕುಳಿತು, ಗೌತಮ ಮುನಿಯೇ ಸರಿಯೆಂದು ಒಪ್ಪಿಕೊಳ್ಳಬೇಕಾಯಿತು. ವೇದವನ್ನು ಉಳಿಸಿಕೊಂಡವರು ಒಂದೇ ಮಂತ್ರವನ್ನು ಸಂಹಿತೆ, ಪದ, ಕ್ರಮ, ಜಟೆ, ಘನ ಮೊದಲಾಗಿ ಹನ್ನೊಂದು ಬಗೆಯಲ್ಲಿ ಹೇಳಿ, ಒಂದು ಬಾಯಿ ತಪ್ಪಿದರೆ ಇನ್ನೊಂದು ಬಾಯಿ ತಿದ್ದುವಂತೆ ಮಾಡಿದ್ದರು. ಅವರ ಸಂತತಿಯವರಾದ ನಾವು ಒಂದೇ ಒಂದು ಪ್ರತಿಯನ್ನು, ಅದೂ ಅರ್ಧವನ್ನು, ಇಟ್ಟುಕೊಂಡಿದ್ದೆವು.

ಕುಷ್ಟಗಿಗೆ ಫೋನು ಮಾಡಿದೆವು. ಹುಡುಗನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಆ ಲ್ಯಾಪ್‌ಟಾಪು ಕೆಟ್ಟು ಎಂಟು ವರ್ಷವಾಯಿತು, ಗುಜರಿಗೆ ಕೊಟ್ಟಿರಬಹುದು ಎಂದನು. ಅವನ ತಾಯಿ ಕೊಟ್ಟಿರಲಿಲ್ಲ. ಹೆಣ್ಣುಮಕ್ಕಳು ಯಾವುದನ್ನೂ ಎಸೆಯುವುದಿಲ್ಲವೆಂದು ನಾವು ಮನೆಯಲ್ಲಿ ಎಷ್ಟು ಸಲ ಗೊಣಗಿದ್ದೆವೋ ಲೆಕ್ಕವಿಲ್ಲ. ಇನ್ನು ಗೊಣಗುವುದಿಲ್ಲ. ಅಟ್ಟದ ಮೇಲೆ ಹಿತ್ತಾಳೆಯ ಹಂಡೆಯೊಳಗೆ, ಹಳೆಯ ಸ್ವೆಟರಿನಲ್ಲಿ ಸುತ್ತಿ ಅದು ಇದ್ದಿತು. ಹಂಡೆಯ ತಳದಲ್ಲಿ ಒಂದು ಮಳೆಗಾಲದ ತೇವ ಇಳಿದಿತ್ತು.

ಲ್ಯಾಪ್‌ಟಾಪು ಎಚ್ಚರಾಗಲಿಲ್ಲ. ಶಿಷ್ಯನು ಅದರ ಹೊಟ್ಟೆ ಬಿಚ್ಚಿ ಹಾರ್ಡ್‌ಡಿಸ್ಕನ್ನು ತೆಗೆದು, ಬೇರೊಂದು ಡಬ್ಬಿಗೆ ಕೂರಿಸಿ, ವಯರಿನಿಂದ ತನ್ನ ಯಂತ್ರಕ್ಕೆ ಜೋಡಿಸಿದನು. ಬಹಳ ಹೊತ್ತು ಟಿಕ್ಕು ಟಿಕ್ಕು ಎಂದು ಅದು ತಡಕಾಡಿತು. ಆ ಸದ್ದನ್ನು ಕೇಳುತ್ತ ಕುಳಿತಿದ್ದ ಆ ಮಧ್ಯಾಹ್ನದಂತಹ ಮಧ್ಯಾಹ್ನ ನಮ್ಮ ಜೀವಮಾನದಲ್ಲಿ ಹೆಚ್ಚಿಲ್ಲ. ಕೊನೆಗೆ ಫೋಲ್ಡರು ಕಾಣಿಸಿಕೊಂಡಿತು. ನಕಲು ಮಾಡುವಾಗ ನಡುನಡುವೆ ಮುಗ್ಗರಿಸಿ ನಿಂತಿತು. ಓದಲಾರದ ತುಣುಕುಗಳನ್ನು ಬಿಟ್ಟು ಮುಂದೆ ಹೋಗೆಂದು ಅವನು ಆಜ್ಞೆ ಕೊಡುತ್ತ ಹೋದನು. ಸಂಜೆಗೆ ನಕಲು ಮುಗಿಯಿತು. ಪುಟ್ಟ ಫೈಲನ್ನೂ ಆ ಫೋಲ್ಡರನ್ನೂ ಹತ್ತು ವರ್ಷದ ಮೇಲೆ ಒಂದೇ ಕಡೆಯಲ್ಲಿಟ್ಟು, ತಂತ್ರಾಂಶವನ್ನು ತೆರೆದು, ಅದರ ಮೂಲಕ ಫೈಲನ್ನು ತೆರೆದನು.

ಈ ಬಾರಿ ಬಂದ ಕಿಟಕಿ ದೊಡ್ಡದಾಗಿತ್ತು. 37 ತುಣುಕುಗಳು ಕಾಣೆಯಾಗಿವೆ, ತನ್ನಿಂದ ಅವುಗಳನ್ನು ತರುವುದು ಸಾಧ್ಯವಿಲ್ಲ ಎಂದು ಹೇಳಿ, ತಂತ್ರಾಂಶವು ಮೂರು ದಾರಿಗಳನ್ನು ನಮ್ಮ ಮುಂದಿಟ್ಟಿತು. ಏನೂ ಬದಲಿಸದೆ ಈಗಲೇ ಮುಚ್ಚಿಬಿಡುವುದು. ಇಲ್ಲದ ಧ್ವನಿಯನ್ನು ಈ ಸಲಕ್ಕೆ ಮಾತ್ರ ಮೌನವೆಂದು ಎಣಿಸುವುದು. ಇಲ್ಲದ ಧ್ವನಿಯ ಸ್ಥಾನದಲ್ಲಿ ಮೌನವನ್ನು ಶಾಶ್ವತವಾಗಿ ಸ್ಥಾಪಿಸುವುದು. ತಂತ್ರಾಂಶ ಬರೆದವರು ನಮ್ಮ ಅಕ್ಕನನ್ನು ಕಂಡವರಲ್ಲ. ಆದರೂ ಅವಳ ದೇಹವನ್ನು ಒಯ್ದ ದಿನದಿಂದ ನಮ್ಮ ಮನಸ್ಸಿನಲ್ಲಿ ಹೊರಳುತ್ತಿದ್ದ ಪ್ರಶ್ನೆಯನ್ನು ಅವರು ಮೂರು ಸಾಲಿನಲ್ಲಿ ಕೇಳಿಬಿಟ್ಟಿದ್ದರು. ಶಿಷ್ಯನು ಯಾವುದನ್ನು ಒತ್ತಲಿ ಎಂಬಂತೆ ನೋಡಿದನು. ಎರಡನೆಯದೆಂದು ಬೆರಳು ಮಾಡಿ ತೋರಿಸಿದೆವು. ಗಂಟಲಿನಿಂದ ಮಾತು ಹೊರಡುವಂತಿರಲಿಲ್ಲ.

ಪರದೆಯ ಮೇಲೆ ತೆರೆತೆರೆಯಾಗಿ ಗೆರೆ ಮೂಡಿತು. ಮೊದಲು ಪಾತ್ರೆಯ ಸದ್ದು. ಆಮೇಲೆ ಯಾರೋ ಕೆಮ್ಮಿದರು, ಅದು ನಾವೇ. ಬಳಿಕ ಅಕ್ಕನ ದನಿ: “ಹಚ್ಚೀದಿ ಏನೋ ತಮ್ಮಾ? ಸುರು ಮಾಡ್ಲೇನು?” ಹಿಂದೆಯೇ ಕಲ್ಲಿನ ಗುರುಗುರು. ಗಂಗಾವತಿಯಿಂದ ಕೊಪ್ಪಳಕ್ಕೆ ಹೋಗುವ ಕಡೆಯ ಬಸ್ಸು ಹೋಯಿತು. ನಾವು ಅಲ್ಲಿಯೇ ಉಳಿದೆವು.

1 ಗಂಟೆ 40 ನಿಮಿಷದಲ್ಲಿ 37 ತುಣುಕು ಹೋದರೆ ಏನು ಮಹಾ ಎನ್ನುವವರು ಎನ್ನಲಿ. ಲೆಕ್ಕ ಹಾಕಿದರೆ ಹೋದುದು 3 ನಿಮಿಷ 40 ಸೆಕೆಂಡು ಮಾತ್ರ. ಆದರೆ ಹೋದ ಕಡೆಯೆಲ್ಲ ಒಂದು ಬಗೆಯ ಪಾತಾಳ. ಅಕ್ಕ ಉಸಿರಿಗಾಗಿ ನಿಲ್ಲಿಸಿದಲ್ಲಿ ಕಲ್ಲು ತಿರುಗುತ್ತಲೇ ಇರುತ್ತದೆ, ದೂರದಲ್ಲಿ ನಾಯಿ ಬೊಗಳುತ್ತದೆ, ಮನೆ ಉಸಿರಾಡುತ್ತದೆ. ತಂತ್ರಾಂಶದ ಮೌನದಲ್ಲಿ ಇವಾವುವೂ ಇಲ್ಲ. ಕಲ್ಲೂ ಇಲ್ಲ. ಅವಳ ಮೌನಕ್ಕೂ ಯಂತ್ರದ ಮೌನಕ್ಕೂ ಇರುವ ಈ ಭೇದವನ್ನು ಮಗುವೂ ಗುರುತಿಸಬಲ್ಲದು. ಜೋಗುಳದ ನಡುವೆ ಐದು ತುಣುಕು ಒಟ್ಟಿಗೆ ಹೋಗಿ ಅರ್ಧ ನಿಮಿಷದ ಹೊಂಡ ಬಿದ್ದಿತ್ತು.

ಶಿಷ್ಯನು ಕೆಲಸಗಾರ. ಅವನಿಗೆ ಹೊಂಡ ಕಂಡರೆ ಮುಚ್ಚಬೇಕು. ಎರಡು ಕಡೆಯನ್ನೂ ಎಳೆದು ಕೂಡಿಸಿಬಿಡಲೆ ಎಂದನು. ಬೇರೆಡೆಯ ಕಲ್ಲಿನ ಸದ್ದನ್ನು ತಂದು ತುಂಬಲೆ ಎಂದನು. ಕೊನೆಗೆ ಮೆಲ್ಲನೆ, “ಈಗ ಕಂಪ್ಯೂಟರೇ ಅವರ ದನಿ ಕಲ್ತು ಹಾಡತೈತ್ರಿ ಸರ್, ಪದ ಗೊತ್ತಿದ್ರ ಸಾಕು” ಎಂದನು. ಅವನ ಮಾತು ಸುಳ್ಳಲ್ಲ. ಆ ವಿದ್ಯೆ ಈಗ ಬಂದಿದೆ. ಅವನ ಉದ್ದೇಶವೂ ಒಳ್ಳೆಯದೇ. ಒಂದು ಗಳಿಗೆ ನಮಗೂ ಆಸೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಕೊಪ್ಪಳದ ಗುಡ್ಡಗಳಲ್ಲಿ ಅಶೋಕನ ಶಾಸನಗಳು ಎರಡಿವೆ, ಗವಿಮಠದ ಬಳಿ ಒಂದು, ಪಾಲ್ಕಿಗುಂಡಿನಲ್ಲಿ ಒಂದು. ಇವನ್ನು ಟರ್ನರ್ ಎಂಬ ವಿದ್ವಾಂಸರು 1932ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಗವಿಮಠದ್ದು ಚೆನ್ನಾಗಿ ಉಳಿದಿದೆ. ಪಾಲ್ಕಿಗುಂಡಿನದು ಬಹುಮಟ್ಟಿಗೆ ಸವೆದುಹೋಗಿದೆ. ಎರಡರ ಒಕ್ಕಣೆಯೂ ಒಂದೇ ಆದ್ದರಿಂದ ಸವೆದುದರಲ್ಲಿ ಏನಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ಹಾಗೆಂದು ಯಾರೂ ಉಳಿ ಹಿಡಿದು ಹೋಗಿ ಬಂಡೆಯ ಮೇಲೆ ಹೊಸ ಅಕ್ಷರ ಕೊರೆಯುವುದಿಲ್ಲ. ಶಾಸನವನ್ನು ಅಚ್ಚು ಮಾಡುವವರು ಹೋದ ಅಕ್ಷರಗಳ ಎಡೆಯಲ್ಲಿ ಚುಕ್ಕಿಗಳನ್ನು ಇಡುತ್ತಾರೆ. ಪಾಣಿನಿಯ ಮತದಲ್ಲಿ ಲೋಪವೆಂದರೆ ಕಾಣದಿರುವುದು. ಕಾಣದಿದ್ದರೂ ಅದರ ಸ್ಥಾನ ಅಲ್ಲಿದೆ, ಅದರ ಕಾರ್ಯವೂ ನಡೆಯುತ್ತದೆ. ನಾವು ಶಿಷ್ಯನಿಗೆ ಇದನ್ನೆಲ್ಲ ಒಂದು ಪಾಠದಂತೆ ಹೇಳಿದೆವು. ಅವನು ಹಿಂದೆ ಸಂಸ್ಕೃತದ ತಾಸಿನಲ್ಲಿ ಆಕಳಿಸುತ್ತಿದ್ದಂತೆಯೇ ಕೇಳಿ, “ಹಂಗಂದ್ರ ಖಾಲೀನ ಬಿಡೋದಲ್ರಿ?” ಎಂದನು. ಹೌದೆಂದೆವು.

ಅವನು ಮೊದಲು ಇಡೀ ಫೋಲ್ಡರನ್ನು ಇದ್ದಂತೆಯೇ ಎರಡು ಡಿಸ್ಕುಗಳಿಗೆ ನಕಲು ಮಾಡಿದನು. ಮೂರನೆಯ ನಕಲಿನಲ್ಲಿ ಮಾತ್ರ, ಮೂರನೆಯ ದಾರಿಯನ್ನು ಒತ್ತಿದನು. ಆ ಮೌನಗಳು ಅಲ್ಲಿ ಶಾಶ್ವತವಾದುವು. ಗೆರೆಯ ಕೆಳಗೆ ಗುರುತಿನ ಚೀಟಿ ಹಚ್ಚುವ ಪಟ್ಟಿಯೊಂದು ಆಡಾಸಿಟಿಯಲ್ಲಿದೆ. ಅದರಲ್ಲಿ ಒಂದೊಂದು ಹೊಂಡದ ಎದುರಿಗೂ ‘ಲೋಪ’ ಎಂದು ನಾವೇ ಬೆರಳಚ್ಚು ಮಾಡಿದೆವು. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ ವೇವ್ ಫೈಲುಗಳನ್ನಾಗಿ ಹೊರತೆಗೆಯಲಾಯಿತು. ಅವು ಯಾವ ತಂತ್ರಾಂಶದಲ್ಲಿಯಾದರೂ ಕೇಳುತ್ತವೆ. 2021ರಿಂದ ಈಚೆಗೆ, ಮೂರನೆಯ ಆವೃತ್ತಿಯಿಂದ, ಆಡಾಸಿಟಿಯು ಪಟ್ಟಿಯನ್ನೂ ತುಣುಕುಗಳನ್ನೂ ಒಂದೇ ಫೈಲಿನಲ್ಲಿ ಅಡಕ ಮಾಡುತ್ತದಂತೆ. ಕಾರಣ ಕೇಳಿದುದಕ್ಕೆ ಶಿಷ್ಯನು ನಗುತ್ತ, “ನಿಮ್ಮಂಥಾವ್ರು ಲೋಕದ ತುಂಬ ಅದಾರ್ರಿ ಸರ್” ಎಂದನು. ಹೊಸ ಫೈಲಿಗೆ ಅಕ್ಕನ ಹೆಸರು, ಊರು, ತಿಥಿ, ಇಸವಿಗಳನ್ನು ಸೇರಿಸಿ ಹೆಸರಿಟ್ಟೆವು. ಹೆಸರು ಪರದೆಯ ಅಗಲವನ್ನು ಮೀರಿ ಹೋಯಿತು.

ಮನೆಗೆ ಬಂದು ಒಂದು ಹಳೆಯ ಲ್ಯಾಪ್‌ಟಾಪನ್ನು ಕೊಂಡೆವು. ಮೊದಲು ಮೈಕು ಅಥವಾ ಹೆಡ್‌ಫೋನು, ಬಳಿಕ ತಂತ್ರಾಂಶ, ಆಮೇಲೆ ತಂತ್ರಾಂಶದೊಳಗಿನಿಂದ ಫೈಲು, ಈ ಕ್ರಮವನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ನಮ್ಮ ಮನೆಯವರು ಅದನ್ನು ಓದಿ, “ಸಂಧ್ಯಾವಂದನಿ ಕ್ರಮಾನೂ ಇಷ್ಟು ಚಂದ ಬರದಿಟ್ಟಿರಲಿಲ್ಲ ನೀವು” ಎಂದರು.

ವರ್ಷಾಂತಿಕ ಮುಗಿದ ಸಂಜೆ ಯಲಬುರ್ಗಿಯ ಅದೇ ನಡುಮನೆಯಲ್ಲಿ ಎಲ್ಲರೂ ಕುಳಿತರು. ಬೆಂಗಳೂರಿನಿಂದ ಹುಡುಗನೂ ಬಂದಿದ್ದನು. ಅವನು ಮುಂದೆ ಬಂದರೂ ನಾವು ಬಿಡದೆ, ನಾವೇ ತಂತ್ರಾಂಶವನ್ನು ತೆರೆದು, ನಾವೇ ಅಕ್ಕನ ಪೆಟ್ಟಿಗೆಯನ್ನು ತೆರೆದೆವು. ಕೈ ಸ್ವಲ್ಪ ನಡುಗುತ್ತಿದ್ದಿತು. “ಹಚ್ಚೀದಿ ಏನೋ ತಮ್ಮಾ?” ಎಂದು ದನಿ ಬಂದೊಡನೆ ಕೆಲವರು ನಕ್ಕರು, ಕೆಲವರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಪದದ ಮೇಲೆ ಪದ ಸಾಗಿತು. ಜೋಗುಳ ಬಂದಿತು. ಹೊಂಡ ಸಮೀಪಿಸುತ್ತಿದೆಯೆಂದು ಗೊತ್ತಿದ್ದವರು ಅಲ್ಲಿ ನಾವೊಬ್ಬರೇ. ಗೆರೆ ನೇರವಾಯಿತು. ಕಲ್ಲೂ ನಿಂತಿತು. ಯಂತ್ರ ಕೆಟ್ಟಿತೆಂದು ಹುಡುಗನು ಕೈ ಚಾಚಿದನು. ಅಷ್ಟರಲ್ಲಿ ಗೋಡೆಗೊರಗಿ ಕುಳಿತಿದ್ದ ಅವನ ತಾಯಿ, ಯಾರೂ ಹೇಳದೆ, ನಿಂತಲ್ಲಿಂದ ಪದವನ್ನು ಎತ್ತಿಕೊಂಡಳು. ಅವಳಿಗೆ ಅದು ಬರುತ್ತದೆಂಬುದೇ ನಮಗೆ ತಿಳಿದಿರಲಿಲ್ಲ. ಆ ಜೋಗುಳದಲ್ಲಿಯೇ ಅವಳೂ ಮಲಗಿದ್ದಳಲ್ಲವೆ! ಆದರೆ ಕೈಯಲ್ಲಿ ಕಲ್ಲಿಲ್ಲದ್ದರಿಂದ ಅವಳ ಓಟ ಹೆಚ್ಚಾಗಿತ್ತು. ಅರ್ಧ ನಿಮಿಷ ಕಳೆದು ಅಕ್ಕನ ದನಿ ಮರಳಿ ಬರುವ ಹೊತ್ತಿಗೆ ಅವಳು ಒಂದು ನುಡಿ ಮುಂದಕ್ಕೆ ಹೋಗಿಬಿಟ್ಟಿದ್ದಳು. ತಟ್ಟನೆ ಬಾಯಿಯ ಮೇಲೆ ಕೈಯಿಟ್ಟುಕೊಂಡು, “ತಡೀರಿ, ಅವ್ವ ಹಿಂದ ಉಳದಾಳ” ಎಂದು ಸುಮ್ಮನಾಗಿ, ಅಕ್ಕ ಬಂದು ಕೂಡಿಕೊಳ್ಳುವವರೆಗೆ ಕಾದಳು.